ಓಂಕಾರಣ್ಣ ಕೂರಿಸಿದ ಕೊಕ್ಕೆ

ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆಗೆಯುವಾಗ ಓಂಕಾರಣ್ಣನ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಇರುತ್ತಿತ್ತು. ಹನ್ನೊಂದರ ಹೊತ್ತಿಗೆ ಅದೇ ಜಾಗದಲ್ಲಿ ಮೂರು ಬೆರಳಿನ ಗ್ರೀಸ್ ಇರುತ್ತಿತ್ತು. ಯಾರಾದರೂ ತೋರಿಸಿ ನಕ್ಕರೆ, ಶಿವ ಸುಡುಗಾಡಲ್ಲಿ ಇರೋನು, ಅವನಿಗೆ ಬೂದಿಯೂ ಒಂದೇ ಗ್ರೀಸೂ ಒಂದೇ, ಹಣೆ ಖಾಲಿ ಇರಬಾರದು ಅಷ್ಟೆ ಎನ್ನುತ್ತಿದ್ದ.

ಕಡೂರಿನಲ್ಲಿ ತೆಂಗಿನಕಾಯಿ ಮಂಡಿಯ ಹಿಂದೆ ಅವನ ಗ್ಯಾರೇಜು. ಲಾರಿಗೆ ಬಾಡಿ ಕಟ್ಟುವುದು, ಟ್ರ್ಯಾಕ್ಟರಿಗೆ ಟ್ರೇಲರ್ ಮಾಡುವುದು ಅವನ ಕಸುಬು. ಗಾಡಿಗೆ ಅವನು ಎಂದೂ ಬೈದವನಲ್ಲ. ಬೈಗುಳವೆಲ್ಲ ಮಾಲೀಕರ ಪಾಲು. "ಗಾಡಿಗೆ ಬಾಯಿಲ್ಲ, ಓನರ್‌ಗೆ ಕಿವಿ ಇಲ್ಲ. ಮಧ್ಯದಲ್ಲಿ ನಾನು ಸಾಯ್ಬೇಕು" ಎಂಬುದು ಅವನ ದಿನದ ಮಂತ್ರ.

ಈ ಮಂತ್ರಕ್ಕೆ ಮಠವೂ ಹೊರತಲ್ಲ. ಒಮ್ಮೆ ಒಂದು ಸಣ್ಣ ಮಠದ ಸ್ವಾಮಿಗಳು ಜೀಪಿನ ಹಿಂದೆ ಪಲ್ಲಕ್ಕಿಯ ಗಾಡಿ ಎಳೆಯಬೇಕೆಂದು ಬಂದರು. ಅವರ ಡ್ರೈವರ್ ಮೊದಲೇ ಎಲ್ಲೋ ತಗಡಿಗೆ ಕೊಕ್ಕೆ ಬೆಸೆಸಿದ್ದ. ದೇವರ ಕೆಲಸ ತಾನೆ, ಏನೂ ಆಗುವುದಿಲ್ಲ ಎಂದು ವಾದಿಸಿದ. ಓಂಕಾರಣ್ಣ ಸ್ವಾಮಿಗಳ ಕಡೆ ತಿರುಗಿ ಕೈಮುಗಿದ. "ಬುದ್ಧಿ, ನಿಮ್ ಆಶೀರ್ವಾದ ಹತ್ತು ಟನ್ ಹೊರುತ್ತೆ, ನಂಬ್ತೀನಿ. ಈ ತಗಡು ಒಂದು ಮಡಕೆ ನೀರು ಹೊರಲ್ಲ." ಸ್ವಾಮಿಗಳು ಹೊಟ್ಟೆ ಕುಲುಕಿಸಿಕೊಂಡು ನಕ್ಕು, ಕೊಕ್ಕೆ ಬಿಚ್ಚಿಸಿ ಹೊಸದು ಹಾಕಿಸಿದರು. ಡ್ರೈವರ್ ಮಾತ್ರ ಬಹಳ ದಿನ ಅವನ ಜೊತೆ ಮಾತು ಬಿಟ್ಟಿದ್ದ.

ನಾನು ಅವನ ಬಾಯಿಗೆ ಬಿದ್ದದ್ದು ನಿವೃತ್ತಿಯಾದ ಮೇಲೆ. ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಕಂಡವರ ಜಮೀನು ಅಳೆದು ಸಾಕಾಗಿ, ಇನ್ನಾದರೂ ದೇಶ ನೋಡೋಣ ಎಂದು ಮಲಗಲು ಮಂಚ, ಅಡುಗೆಗೆ ಕಟ್ಟೆ, ಮೂಲೆಯಲ್ಲೊಂದು ಶೌಚಾಲಯ ಇರುವ ಹಳೆಯ ಮನೆಗಾಡಿಯೊಂದನ್ನು ಕೊಂಡೆ. ಸಣ್ಣ ಲಾರಿಯ ಚಾಸಿಯ, ಅಂದರೆ ಅಡಿಯ ಉಕ್ಕಿನ ಚೌಕಟ್ಟಿನ ಮೇಲೆ ಯಾರೋ ಕಟ್ಟಿಸಿದ್ದು. ನಮ್ಮ ಬೀದಿಯವರು ಅದಕ್ಕೆ 'ಓಡಾಡೋ ಕಕ್ಕಸು' ಎಂದು ನಾಮಕರಣ ಮಾಡಿದರು.

ನನ್ನ ಹೆಂಡತಿ ಗಿರಿಜೆಗೆ ಸಣ್ಣವಳಿದ್ದಾಗ ಪೋಲಿಯೋ ಆಗಿ ಎಡಗಾಲಿನ ಬಲ ಹೋಗಿದೆ. ಪಕ್ಕಕ್ಕೆ ಎರಡು ಚಕ್ರ ಹಾಕಿಸಿದ ಸ್ಕೂಟರೇ ಅವಳ ಕಾಲು. ಅದನ್ನು ಬಿಟ್ಟು ಬರುವುದಿಲ್ಲ ಎಂದು ಅವಳು ಖಡಾಖಂಡಿತವಾಗಿ ಹೇಳಿದಳು. "ಊರೂರಲ್ಲಿ ನೀವು ಇಳಿದು ನೋಡ್ಕಂಡ್ ಬರೋದು, ನಾನು ಒಳಗೆ ಕೂತು ಅಕ್ಕಿ ಆರಿಸೋದು. ಅದಕ್ಕೆ ಕಡೂರೇ ಸಾಕು ಕಣ್ರೀ." ಆದ್ದರಿಂದ ಸ್ಕೂಟರನ್ನು ಒಂದು ಪುಟ್ಟ ಟ್ರೇಲರಿನಲ್ಲಿಟ್ಟು ಹಿಂದೆ ಎಳೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ಅದಕ್ಕೊಂದು ಕೊಕ್ಕೆ ಬೇಕು. ಇಷ್ಟೇ ಎಂದುಕೊಂಡಿದ್ದೆ.

ತರೀಕೆರೆಯಲ್ಲಿ ಒಬ್ಬ ವೆಲ್ಡರ್, ಹಿಂಬದಿಯ ನೆಲದ ಚೌಕಟ್ಟಿಗೇ ಒಂದು ಆಂಗಲ್ ಬೆಸೆದು ಕೊಕ್ಕೆ ಕೂರಿಸುತ್ತೇನೆ, ಅರ್ಧ ದಿನದ ಕೆಲಸ ಎಂದ. ನನಗದು ಒಪ್ಪಿಗೆಯಾಗದೆ, ಮೊಬೈಲಿನಲ್ಲಿ ಹುಡುಕಿ ಚಾಸಿ ಉದ್ದ ಮಾಡುವ ಸಿದ್ಧ ತೊಲೆಗಳ ಜೋಡಿಯೊಂದನ್ನು ತರಿಸಿಕೊಂಡೆ. ಕಪ್ಪು ಬಣ್ಣ ಬಳಿದು ಮಿರಮಿರ ಮಿಂಚುತ್ತಿದ್ದವು. ಉದ್ದವನ್ನು ನಾನೇ ಟೇಪ್ ಹಿಡಿದು ಅಳೆದಿದ್ದೆ. ಅವನ್ನು ಹೊತ್ತುಕೊಂಡು ಓಂಕಾರಣ್ಣನ ಮುಂದೆ ಹೆಮ್ಮೆಯಿಂದ ನಿಂತೆ.

ಎಲ್ಲಿಂದ ಎಲ್ಲಿಗೆ ಅಳೆದಿರಿ ಎಂದು ಕೇಳಿದ. ಹಿಂದಿನ ಚಕ್ರದಿಂದ ಬಂಪರಿನವರೆಗೆ ಎಂದೆ. ಅವನು ತೊಲೆಯನ್ನು ಮೆಲ್ಲಗೆ ನೆಲಕ್ಕಿಟ್ಟ.

"ಅರ್ಧ ತಾಲ್ಲೂಕು ಯಾಕೆ ಕೋರ್ಟಲ್ಲಿದೆ ಅಂತ ಈಗ ಗೊತ್ತಾಯ್ತು ಸರ್ವೆ ಸಾರ್."

ಬಿಳಿ ಪಂಚೆ ಉಟ್ಟಿದ್ದೇನೆ ಎಂದರೂ ಬಿಡದೆ ಗೋಣಿಚೀಲ ಹಾಸಿ ನನ್ನನ್ನು ಗಾಡಿಯ ಕೆಳಗೆ ಮಲಗಿಸಿದ. ತಾನೂ ಪಕ್ಕದಲ್ಲಿ ಅಂಗಾತ ಮಲಗಿ ಸುತ್ತಿಗೆಯಿಂದ ಮೇಲಿನ ಕಬ್ಬಿಣವನ್ನು ಬಡಿಯುತ್ತಾ ಹಿಂದಕ್ಕೆ ಸರಿದ. ಮೊದಲು ಗಟ್ಟಿ ಸದ್ದು ಬರುತ್ತಿತ್ತು. ಹಿಂದಿನ ಚಕ್ರ ದಾಟಿ ಎರಡು ಅಡಿ ಆದ ಮೇಲೆ ಡಬ್ಬಿ ಬಡಿದಂತೆ ಸದ್ದು ಬದಲಾಯಿತು.

"ಇಲ್ಲಿಗೆ ಗಾಡಿ ಮುಗೀತು ಸಾರ್. ಇಲ್ಲಿಂದಾಚೆ ಬರೀ ಮನೆ."

ಅಲ್ಲಿಂದ ಹಿಂದಿನ ಮೂರೂವರೆ ಅಡಿ, ಅಂದರೆ ನಮ್ಮ ಮಂಚವೂ ಶೌಚಾಲಯವೂ ಮಡಿಸಿದ ತಗಡಿನ ಮೇಲೆ ನಿಂತಿದ್ದವು. ಅದು ನೆಲ ಹೊರುವುದಕ್ಕೆ ಹಾಕಿದ್ದು, ಎಳೆಯುವುದಕ್ಕಲ್ಲ ಎಂದು ಅವನು ಬಿಡಿಸಿ ಹೇಳಿದ. ಅದಕ್ಕೆ ಕೊಕ್ಕೆ ಬೆಸೆದರೆ ಯಾವುದಾದರೊಂದು ಗುಂಡಿಯಲ್ಲಿ ಸ್ಕೂಟರ್ ಕಿತ್ತುಕೊಂಡು ಹೋಗುತ್ತದೆ, ಜೊತೆಗೆ ಕಕ್ಕಸೂ ಹೋಗುತ್ತದೆ. ನಾನು ತರಿಸಿದ ತೊಲೆಗಳು ಗಟ್ಟಿಯಾಗಿಯೇ ಇದ್ದವು, ಆದರೆ ಬೇರೆ ಯಾವುದೋ ಗಾಡಿಯ ಅಳತೆಯವು. ನಮ್ಮ ಚಾಸಿಯೊಳಗೆ ಅವು ಗೂಟಕ್ಕೆ ಹಾಕಿದ ಅಂಗಿಯಂತೆ ಸಡಿಲವಾಗಿ ಕೂತವು. ಸಂದಿಗೆ ಪಟ್ಟಿ ತುರುಕಿ ಬಿಗಿ ಮಾಡಬಹುದಲ್ಲ ಎಂದೆ. ಕಟ್ಟಿಸಿಕೊಂಡ ಹಲ್ಲಲ್ಲಿ ಕಬ್ಬು ತಿನ್ನಬಾರದು ಎಂದು ಬಾಯಿ ಮುಚ್ಚಿಸಿದ.

ಮುಂದಿನ ಎರಡು ವಾರ ಅವನು ಬೇರೆ ಕೆಲಸ ಹಿಡಿಯಲಿಲ್ಲ. ಮೊದಲು ಸಾರಿಗೆ ಕಚೇರಿಯ ಅನುಮತಿ ತರಿಸಿದ. ಕಾಗದ ಬರುವವರೆಗೆ ಸ್ಪ್ಯಾನರ್ ಮುಟ್ಟಲಿಲ್ಲ. ಮೂಲ ಚಾಸಿಯ ಅಗಲ, ಎತ್ತರ, ದಪ್ಪ ಬರೆದುಕೊಂಡು ಅದೇ ಅಳತೆಗೆ ಹೊಸ ತೊಲೆ ಮಾಡಿಸಿದ. ಹಳೆಯ ತೊಲೆಯೊಳಗೆ ಒಂದೂವರೆ ಅಡಿ ಒಳಹೊಗಿಸಿ, ಮೊದಲೇ ಇದ್ದ ತೂತುಗಳಲ್ಲೇ ದಪ್ಪ ಬೋಲ್ಟ್ ಹಾಕಿ ಬಿಗಿದು, ಹೊಸ ತೊಲೆಗಳ ತುದಿಗೆ ಕೊಕ್ಕೆ ಕೂರಿಸಿದ. ಚಾಸಿಗೆ ಬೆಂಕಿ ಮುಟ್ಟಿಸಿದರೆ ಅದರ ಶಕ್ತಿ ಹೋಗುತ್ತದೆಂದು ಒಂದು ಚುಕ್ಕಿ ವೆಲ್ಡಿಂಗೂ ಮಾಡಲಿಲ್ಲ.

ಮುಗಿಯಿತೆಂದುಕೊಂಡರೆ, ಸ್ಕೂಟರಿಗೆಂದು ತಾನೇ ಮಾಡಿದ ಟ್ರೇಲರನ್ನು ಗಾಡಿಗೆ ಸಿಕ್ಕಿಸಿ ಮಂಡಿಯವರ ತೂಕದ ಕಟ್ಟೆಗೆ ಹೊಡೆಸಿದ. ಮುಂದಿನ ಚಕ್ರವನ್ನಷ್ಟೇ ಕಟ್ಟೆಯ ಮೇಲೆ ನಿಲ್ಲಿಸಿ ತೂಕ ನೋಡಿ, ತುಟಿ ಸೊಟ್ಟ ಮಾಡಿದ. ಹಿಂದೆ ಭಾರ ಜಾಸ್ತಿಯಾಗಿ ಮೂತಿ ಮೇಲೇಳುತ್ತಿತ್ತು. "ಮುಂದಿನ ಚಕ್ರ ಹಗುರ ಆದ್ರೆ ಸ್ಟೀರಿಂಗ್ ನಿಮ್ ಕೈಲಿರುತ್ತೆ, ಗಾಡಿ ದೇವ್ರ ಕೈಲಿರುತ್ತೆ" ಎಂದವನೇ ಒಳಗೆ ಹತ್ತಿ ನನ್ನ ಸಾಮಾನು ಎಸೆಯತೊಡಗಿದ. ನೆನಪಿಗೆಂದು ಇಟ್ಟುಕೊಂಡಿದ್ದ ಅಳತೆಯ ಸರಪಳಿ ಹೋಯಿತು, ಕಬ್ಬಿಣದ ಪೆಟ್ಟಿಗೆ ಹೋಯಿತು, ಎರಡು ಮೂಟೆ ತೆಂಗಿನಕಾಯಿ ಹೋದವು. ನೀರಿನ ಟ್ಯಾಂಕು ಮುಂದಕ್ಕೆ ಬಂತು. ಗಿರಿಜೆಯ ಹೊಲಿಗೆ ಯಂತ್ರವನ್ನು ಮಾತ್ರ ಜೋಪಾನವಾಗಿ ಡ್ರೈವರ್ ಸೀಟಿನ ಹಿಂದೆ ಇಟ್ಟು ಕಟ್ಟಿದ. ಅದೇನು ಹಗುರವೇ ಎಂದು ಕೇಳಿದೆ. ಅಕ್ಕನದು ಸಾಮಾನು, ನಿಮ್ಮದು ಗುಜರಿ ಎಂದ.

ಪರೀಕ್ಷೆಗೆ ಎಮ್ಮೆದೊಡ್ಡಿಯ ದಾರಿ ಹಿಡಿದೆವು. ಅಲ್ಲಿನ ಹುಲ್ಲುಗಾವಲಿನ ಅಮೃತಮಹಲ್ ಹಸುವೊಂದು ರಸ್ತೆಯ ನಡುವೆ ಕೊಂಬೆತ್ತಿ ನಿಂತುಬಿಟ್ಟಿತು. ನಾನು ಜೀವ ಕೈಯಲ್ಲಿ ಹಿಡಿದು ಬ್ರೇಕ್ ತುಳಿದೆ. ಗಾಡಿ ನಿಂತಿತು, ಹಿಂದಿನ ಟ್ರೇಲರ್ ನೆಟ್ಟಗೆ ನಿಂತಿತ್ತು, ಸ್ಕೂಟರ್ ಒಂದಿಂಚು ಕದಲಿರಲಿಲ್ಲ. ಅಷ್ಟು ಹೊತ್ತೂ ಒಳಗೆ ನೆಲಕ್ಕೆ ಕಿವಿಯಿಟ್ಟು ಮಲಗಿದ್ದ ಓಂಕಾರಣ್ಣ ಎದ್ದು ಕೂತು, ಇನ್ನು ಹೊರಡಿ ಎಂದ.

ಮೊದಲ ಪ್ರಯಾಣ ಕಾರವಾರಕ್ಕೆ. ಗಿರಿಜೆ ಸ್ಕೂಟರ್ ಇಳಿಸಿಕೊಂಡು, ನಾನು ಚಪ್ಪಲಿ ಮೆಟ್ಟುವುದರೊಳಗೆ ಸಮುದ್ರದ ಪಕ್ಕದ ರಸ್ತೆಯಲ್ಲಿ ಒಬ್ಬಳೇ ಹೊರಟುಹೋದಳು. ಒಂದೂವರೆ ಗಂಟೆ ಸುದ್ದಿಯಿಲ್ಲ. ಬಂದಾಗ ಮುಖ ಬಿಸಿಲಿಗೆ ಕೆಂಪಾಗಿತ್ತು, ಕೈಯಲ್ಲಿ ಕಡ್ಲೆಕಾಯಿ ಪೊಟ್ಟಣ. ತನ್ನ ಪರಿಚಯವೇ ಇಲ್ಲದ ಊರಲ್ಲಿ, ಯಾರ ಕೈಯನ್ನೂ ಹಿಡಿಯದೆ ಸುತ್ತಿದ್ದು ಐವತ್ತೆಂಟು ವರ್ಷಕ್ಕೆ ಇದೇ ಮೊದಲು ಎಂದಳು. ಆಮೇಲೆ ಓಂಕಾರಣ್ಣನಿಗೆ ಫೋನ್ ಮಾಡಿ, ಮಾತಾಡದೆ, ಫೋನನ್ನು ಅಲೆಗಳ ಕಡೆ ಹಿಡಿದಳು.

"ಕೇಳಿಸ್ತಾ ಅಣ್ಣ?"

"ಕೇಳ್ತು ಅಕ್ಕ. ಉಪ್ಪುಗಾಳಿ ಅದು, ಬೋಲ್ಟಿಗೆ ಎಣ್ಣೆ ಹಚ್ಚೋಕೆ ಹೇಳು ಸಾರ್‌ಗೆ."

ಅವನು ಹೋದ ಸುದ್ದಿ ಬಂದಾಗ ನಾವು ಬಾದಾಮಿಯಲ್ಲಿದ್ದೆವು. ಊಟ ಮಾಡಿ ಗ್ಯಾರೇಜಿನಲ್ಲಿ ಅಡ್ಡಾದವನು ಏಳಲಿಲ್ಲವಂತೆ. ಹೊರಟು ಅಜ್ಜಂಪುರದ ದಾರಿಯಲ್ಲಿ ಬರುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಚೌಳಹಿರಿಯೂರಿನ ಹತ್ತಿರ ಅವನ ತೆಂಗಿನ ತೋಟವಿತ್ತು, ಸಮಾಧಿ ಅಲ್ಲೇ.

ತೋಟದ ಮನೆಯ ಜಗಲಿಯಲ್ಲಿ ಅವನ ಹೆಂಡತಿ ಶಾಂತಕ್ಕ ಕೂತಿದ್ದಳು. ಗಿರಿಜೆಯ ಕೈ ಹಿಡಿದುಕೊಂಡು, ನಡೆದದ್ದನ್ನೆಲ್ಲ ಹೇಳಿದಳು. ಓಂಕಾರಣ್ಣನ ದೇಹವನ್ನು ಟ್ರ್ಯಾಕ್ಟರಿನ ಹಿಂದೆ ಟ್ರೇಲರಿನಲ್ಲಿ ಕೂರಿಸಿಕೊಂಡು ತೋಟಕ್ಕೆ ಬರುವಾಗ ಅದು ಲೊಟಲೊಟ ಎನ್ನುತ್ತಿತ್ತಂತೆ. ನೋಡಿದರೆ ಕೊಂಡಿಯ ಪಿನ್ನು ಸವೆದಿದೆ. ಭಜನೆಯವರು, ನೆಂಟರು, ಅಯ್ಯನವರು ಎಲ್ಲರನ್ನೂ ಬಿಸಿಲಲ್ಲಿ ನಿಲ್ಲಿಸಿ, ಗ್ಯಾರೇಜಿನಿಂದ ಹೊಸ ಪಿನ್ನು ತರಿಸಿ ಹಾಕಿಸಿದ ಮೇಲೇ ಮುಂದಕ್ಕೆ ಬಿಟ್ಟಳಂತೆ.

"ಇಲ್ಲಾಂದ್ರೆ ಎದ್ದು ನಿಂತು ಬೈಯೋರು ಕಣೇ ಗಿರಿಜ. ಅಷ್ಟು ಜನ್ರ ಮುಂದೆ."

ಗಿರಿಜೆ ತಡೆಯಲಾರದೆ ನಕ್ಕುಬಿಟ್ಟಳು. ಶಾಂತಕ್ಕನೂ ನಕ್ಕಳು. ಜಗಲಿಯ ಮೇಲಿದ್ದ ನೆಂಟರು ಮುಖ ಮುಖ ನೋಡಿಕೊಂಡರು.

ಸಮಾಧಿಗೆ ಹೋಗುವ ಬದು ಕಿರಿದು, ಗಾಡಿ ಹೋಗುವ ಹಾಗಿರಲಿಲ್ಲ. ಗಿರಿಜೆ ಟ್ರೇಲರಿನಿಂದ ಸ್ಕೂಟರ್ ಇಳಿಸಲು ಹೇಳಿ, ಹತ್ತಿ, ತೆಂಗಿನ ಸಾಲಿನೊಳಗೆ ಒಬ್ಬಳೇ ಹೊರಟಳು. ನಾನು ಹಿಂದೆ ನಡೆದುಕೊಂಡು ಹೋಗಿ ತಲುಪುವಷ್ಟರಲ್ಲಿ ಅವಳು ಅತ್ತು ಮುಗಿಸಿದ್ದಳು.