ಕೆರೂರಿನ ದಾರದ ಅಂಗಡಿ

ಇಳಕಲ್ಲಿನಿಂದ ಹೊರಡುವ ಬೆಳಗಿನ ಬಸ್ಸಿನಲ್ಲಿ ಯಾಕೂಬಸಾಬರು ಕಿಟಕಿಯ ಪಕ್ಕ ಕೂರುವುದಿಲ್ಲ. ಇಳಿಯುವಾಗ ಮೊಣಕಾಲು ಹಿಡಿಯುತ್ತದೆ. ಬಾಗಿಲ ಬಳಿಯ ಸೀಟೇ ಆಗಬೇಕು. ತೊಡೆಯ ಮೇಲೊಂದು ಬಟ್ಟೆಯ ಚೀಲ, ಅದರೊಳಗೆ ಬುತ್ತಿ, ಕನ್ನಡಕದ ಡಬ್ಬಿ, ಒಂದು ಉಂಡೆ ಬಿಳಿ ನೂಲು. ಹುನಗುಂದದಲ್ಲಿಳಿದು ಅಲ್ಲಿಯ ತಮ್ಮ ಔಷಧಿ ಅಂಗಡಿ ನೋಡುವುದು, ಅಲ್ಲಿಂದ ಬಾಗಲಕೋಟೆಯ ಅಂಗಡಿ, ಆಮೇಲೆ ಕೆರೂರಿನದು, ಸಂಜೆ ಮರಳಿ ಇಳಕಲ್ಲು. ಬಸ್ಸುಗಳ ಬಣ್ಣ ಬದಲಾಗಿದೆ, ಕಂಡಕ್ಟರುಗಳು ನಿವೃತ್ತರಾಗಿದ್ದಾರೆ, ಈ ಸುತ್ತು ನಿಂತಿಲ್ಲ.

ಆ ಬುಧವಾರ ಮಾತ್ರ ಅವರು ನಡುವೆ ಎಲ್ಲಿಯೂ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ನೇರ ಕೆರೂರಿಗೆ ಹೊರಟಿದ್ದರು. ಅಲ್ಲಿಯ ಅಂಗಡಿ ಮುಚ್ಚುತ್ತಿದ್ದೇವೆಂದು ಅಮಾತೆಪ್ಪನಿಗೆ ಹೇಳಬೇಕಿತ್ತು.

ಹಿಂದಿನ ಸಂಜೆ ಮಗ ನವೀದ ಊಟಕ್ಕೆ ಕೂತಾಗಲೇ ಮಾತು ತೆಗೆದಿದ್ದ. ಊರೂರಿಗೂ ಅಂಗಡಿ ತೆರೆಯುತ್ತಿರುವ ದೊಡ್ಡ ಕಂಪನಿಯೊಂದು ಇವರ ಅಂಗಡಿಗಳನ್ನು ಕೊಳ್ಳಲು ಬಂದಿತ್ತು.

"ಅಬ್ಬಾ, ಇಳಕಲ್ಲ, ಹುನಗುಂದ, ಬಾಗಲಕೋಟಿ ಮೂರೂ ತಗೋತಾರಂತ. ಕೆರೂರಿಂದು ಬ್ಯಾಡಂತ. ಸಣ್ಣದಾತು ಅಂತಾರ."

"ಸಣ್ಣದ ಅದ."

"ಅದಕ್ಕ ಹೇಳ್ತೇನಿ, ಅದರ ಬಾಗಲಾ ಹಾಕಿಬಿಡೂಣು. ಅದೊಂದ ಇಟ್ಟಕೊಂಡು ಏನ ಮಾಡ್ತೀರಿ? ನಿಮ್ಮ ಮೊಣಕಾಲ ನೋಡ್ರಿ."

ಹೆಂಡತಿ ಕಾಸಿಂಬಿ ರೊಟ್ಟಿ ಹಾಕುತ್ತ, "ಮೊಣಕಾಲ ಅಷ್ಟ ಅಲ್ಲಪಾ, ಮಾರಿನೂ ನೋಡು. ಬಸ್ಸಿನ ಧೂಳ ಕುಡದು ಕುಡದು ಡಾಂಬರ ರಸ್ತಾ ಆಗ್ಯಾರ," ಎಂದಳು.

ಯಾಕೂಬಸಾಬರು ಆಗಲೆಂದು ತಲೆಯಾಡಿಸಿದರು. ಅವರಿಗೂ ಸಾಕಾಗಿತ್ತು.

ಈ ಭಾಗದಲ್ಲಿ ಒಂದೇ ಹೆಸರಿನ ಬೋರ್ಡು ಹಾಕಿ ಊರಿಗೊಂದು ಔಷಧಿ ಅಂಗಡಿ ಇಟ್ಟವರಲ್ಲಿ ಯಾಕೂಬಸಾಬರು ಮೊದಲಿಗರು. ಅವರ ತಂದೆ ಅಹ್ಮದಸಾಬ ಇಳಕಲ್ಲಿನಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದವರು. ಇವರು ಹುಬ್ಬಳ್ಳಿಯಲ್ಲಿ ಡಿ.ಫಾರ್ಮ ಓದಿ ಬಂದು, ತಂದೆಯ ಹೆಸರಿನಲ್ಲೇ ಮೊದಲ ಅಂಗಡಿ ತೆರೆದರು. ಬರುವವರು ಹೆಚ್ಚಾಗಿ ಓದು ಬಾರದವರು. ಯಾವ ಗುಳಿಗೆ ಯಾವಾಗ ನುಂಗಬೇಕೆಂದು ಎಷ್ಟು ಸಲ ಹೇಳಿ ಕಳಿಸಿದರೂ ಮನೆ ಮುಟ್ಟುವಷ್ಟರಲ್ಲಿ ಮರೆಯುತ್ತಿದ್ದರು. ಒಂದು ದಿನ ತಂದೆಯ ಬಣ್ಣದ ಮನೆಯಿಂದ ತುಂಡು ನೂಲು ತಂದು, ಗುಳಿಗೆಯ ಪೊಟ್ಟಣಗಳಿಗೆ ಕಟ್ಟಿ ಕೊಟ್ಟರು. ಮುಂಜಾನೆಯದಕ್ಕೆ ಕುಂಕುಮಗೆಂಪು, ಮಧ್ಯಾಹ್ನದ್ದಕ್ಕೆ ಹಳದಿ, ರಾತ್ರಿಯದಕ್ಕೆ ಚಂದ್ರಕಾಳಿ ಸೀರೆಯ ಕಪ್ಪು. ನೇಕಾರರ ಊರಿನಲ್ಲಿ ಬಣ್ಣ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಬೋರ್ಡಿನ ಮೇಲಿನ ಹೆಸರು ಯಾರ ಬಾಯಲ್ಲೂ ನಿಲ್ಲದೆ ಜನ 'ದಾರದ ಅಂಗಡಿ' ಎಂದರು. ಹುನಗುಂದ, ಕೆರೂರು, ಬಾಗಲಕೋಟೆಗೂ ಅಂಗಡಿ ಹಬ್ಬಿದಾಗ ದಾರವೂ ಅದೇ ಬಣ್ಣದಲ್ಲಿ ಹಬ್ಬಿತು.

ಎಡವಟ್ಟಾದದ್ದು ಕೆರೂರಿನಲ್ಲಿ. ಅಲ್ಲಿಯ ಅಂಗಡಿ ನೋಡಿಕೊಳ್ಳುತ್ತಿದ್ದ ಅಮಾತೆಪ್ಪ ಕೆರೂರಿನವನೇ, ಊರಿನ ಪ್ರತಿ ಮನೆಯ ಕಷ್ಟಸುಖ ಬಲ್ಲವನು. ಅವನ ಓಣಿಯ ರೇಣವ್ವ ಗಂಡ ಸತ್ತ ವರ್ಷವೇ ಸಕ್ಕರೆ ಕಾಯಿಲೆಯ ಗುಳಿಗೆಗೆ ಬಂದಳು. ಕೆಂಪು ದಾರ ಕಂಡು ಕೈ ಹಿಂದೆ ತೆಗೆದಳು. "ನನಗ್ಯಾಕಪ್ಪಾ ಇನ್ನ ಕುಂಕುಮದ ದಾರ," ಎಂದಳು. ಅಮಾತೆಪ್ಪ ಅದನ್ನು ಬಿಚ್ಚಿ, ಕೈಗೆ ಸಿಕ್ಕ ಕಪ್ಪು ಕಟ್ಟಿ ಕೊಟ್ಟ. ಅಂದಿನಿಂದ ಅವಳ ಮುಂಜಾನೆಯ ಗುಳಿಗೆಗೆ ಕಪ್ಪು, ರಾತ್ರಿಯದಕ್ಕೆ ಬಿಳಿ ಕಟ್ಟತೊಡಗಿದ. ಯಾರಿಗೂ ಹೇಳಲಿಲ್ಲ. ಹೇಳುವಂಥ ವಿಷಯ ಎಂದು ಅವನಿಗೆ ಅನ್ನಿಸಿಯೂ ಇರಲಿಲ್ಲ.

ಮರುವರ್ಷ ರೇಣವ್ವ ತಂಗಿಗೆ ಹುಷಾರಿಲ್ಲವೆಂದು ಹುನಗುಂದಕ್ಕೆ ಹೋದಳು. ಗುಳಿಗೆ ಮುಗಿದಾಗ ಅಲ್ಲಿಯ ದಾರದ ಅಂಗಡಿಗೇ ಹೋದಳು. ಅದೇ ಬೋರ್ಡು, ಅದೇ ಮಾಲೀಕ. ಗದ್ದಲದಲ್ಲಿ ಅವಳ ಮುಖ ಯಾರೂ ನೋಡಲಿಲ್ಲ; ಕೆಂಪು ಒಂದು, ಕಪ್ಪು ಒಂದು ಕಟ್ಟಿ ಕೈಗಿಟ್ಟರು. ಕಪ್ಪು ಮುಂಜಾನೆಯದು ಎಂಬುದು ಅವಳಿಗೆ ಗೊತ್ತಿತ್ತು. ಹಾಗಾದರೆ ಕೆಂಪು ರಾತ್ರಿಯದೇ ಇರಬೇಕು. ಮುಂಜಾನೆ ಉಂಡು ನುಂಗಬೇಕಾದ ಸಕ್ಕರೆಯ ಗುಳಿಗೆಯನ್ನು ರಾತ್ರಿ ಬರಿಹೊಟ್ಟೆಯಲ್ಲಿ ನುಂಗಿ ಮಲಗಿದಳು. ಸಕ್ಕರೆ ತೀರ ಇಳಿದು ಬೆಳಗ್ಗೆ ಏಳಲಿಲ್ಲ. ದವಾಖಾನೆಯಲ್ಲಿ ಜೀವ ಉಳಿಯಿತು, ಬಲಗೈ ಮೊದಲಿನಂತಾಗಲಿಲ್ಲ.

ಯಾಕೂಬಸಾಬರು ಅವಳನ್ನು ನೋಡಲು ಹೋದಾಗ ಅವಳು ಬೈಯಲಿಲ್ಲ. "ನಾನ ಒಂದ ಮಾತ ಕೇಳಬೇಕಿತ್ರಿ ಸಾಬ್ರ," ಎಂದಳು. ಬೈದಿದ್ದರೆ ಅವರಿಗೆ ಹಗುರಾಗುತ್ತಿತ್ತೇನೋ. ಅಮಾತೆಪ್ಪ ಕೆಲಸ ಬಿಡುತ್ತೇನೆಂದು ಅತ್ತ. ಇವರು ಬಿಡಗೊಡಲಿಲ್ಲ.

ಆಮೇಲೆ ಬೇರೆ ಬಣ್ಣ ಹುಡುಕಿದರು. ತಂದೆಯ ಬಣ್ಣದ ಮನೆಯಲ್ಲಿ ಲಡಿ ಲಡಿ ನೂಲು ತೂಗುಬಿದ್ದಿತ್ತು, ಆದರೆ ಒಬ್ಬರಲ್ಲ ಒಬ್ಬರು ಬೇಡವೆನ್ನದ ಬಣ್ಣ ಅದರಲ್ಲಿ ಒಂದೂ ಇರಲಿಲ್ಲ. ಕೊನೆಗೆ ಬಣ್ಣಗಾರನ ಮಗ ಬಣ್ಣವನ್ನೇ ಬಿಟ್ಟ. ಬರಿ ಬಿಳಿ ನೂಲು. ಮುಂಜಾನೆಗೆ ಒಂದು ಗಂಟು, ಮಧ್ಯಾಹ್ನಕ್ಕೆ ಎರಡು, ರಾತ್ರಿಗೆ ಮೂರು. ನಾಲ್ಕೂ ಅಂಗಡಿಗಳಲ್ಲಿ ಗಂಟು ಸರಿ ಬೀಳುತ್ತಿದೆಯೇ ಎಂದು ಕಣ್ಣಾರೆ ನೋಡಲು ದಿನವೂ ಬಸ್ಸು ಹತ್ತಿದರು. ಒಂದು ಅಂಗಡಿಯಲ್ಲಿ ಮಾಡಿದ ಉಪಕಾರ ಇನ್ನೊಂದು ಅಂಗಡಿಯಲ್ಲಿ ವಿಷವಾದೀತೆಂಬ ಭಯ ಒಮ್ಮೆ ಹೊಕ್ಕಿದ್ದು ಹೊರಗೆ ಹೋಗಲೇ ಇಲ್ಲ.

ಕೆರೂರಿನಲ್ಲಿ ಅಂದು ಸಂತೆ. ಮೆಣಸಿನಕಾಯಿಯ ಘಾಟು ಅಂಗಡಿಯೊಳಗೂ ನುಗ್ಗಿತ್ತು.

"ಏನ್ರಿ ಸಾಬ್ರ, ಇಂದ ಇಷ್ಟ ಲಗೂ?" ಅಮಾತೆಪ್ಪ ಸ್ಟೂಲು ಒರೆಸಿ ಕೊಟ್ಟ. "ಬಸ್ಸಿಗೆ ರೆಕ್ಕಿ ಬಂದಿದ್ದೂವೇನು?"

"ನನಗ ಬಂದಿದ್ದೂವಲೇ. ಕುಂಡರತೇನಿ, ನೀರ ಕೊಡು."

ನೀರು ಕುಡಿದು ವಿಷಯ ಹೇಳಿದರು. ಅಮಾತೆಪ್ಪ ಕೇಳಿಸಿಕೊಂಡ. ಗಲ್ಲಾಪೆಟ್ಟಿಗೆಯ ಹಿಂದಿನ ಮೊಳೆಯಿಂದ ಅಂಗಡಿಯ ಕೀಲಿ ತೆಗೆದು ಮೇಜಿನ ಮೇಲಿಟ್ಟ. "ನಿಮ್ಮದು ನಿಮಗ. ನನಗೂ ವಯಸ್ಸಾತು ಬಿಡ್ರಿ," ಎಂದ.

ಅಷ್ಟರಲ್ಲಿ ರೇಣವ್ವ ಬಂದಳು. ಈಗ ಕಣ್ಣೂ ಮಂಜು, ಬಾಗಿಲ ಚೌಕಟ್ಟು ಹಿಡಿದೇ ಒಳಗೆ ಬಂದಳು. ಅಮಾತೆಪ್ಪ ಪೊಟ್ಟಣ ಕಟ್ಟಿ ಅವಳ ಎಡಗೈಗಿಟ್ಟ. ಅವಳು ಹೆಬ್ಬೆರಳಿನಿಂದ ದಾರ ಸವರಿದಳು.

"ಇದ ಒಂದ ಗಂಟು, ಮುಂಜಾನಿದು. ಇದ ಎರಡು... ಅಲ್ಲ, ಮೂರದಾವ. ರಾತ್ರಿದು. ಬರೋಬರಿ ಅದ." ಮುಖ ಎತ್ತಿದಳು. "ಕೆಮ್ಮು ಕೇಳಿದ್ನಿ, ಸಾಬ್ರು ಬಂದಾರೇನು?"

"ಬಂದೇನವ್ವಾ. ಈ ಅಂಗಡಿ ಮುಚ್ಚತೇವಿ. ಉಳದ ಮೂರೂ ಅಂಗಡಿ ಒಂದ ಕಂಪನಿಯವ್ರು ತಗೋತಾರ. ಇನ್ನ ಮ್ಯಾಲ ಬಾಗಲಕೋಟಿಗೆ ಹೋಗಬೇಕಾಗತೈತಿ."

"ಹೋಗೂದು ಹೋಗ್ತೇನಿ ಬಿಡ್ರಿ, ಬಸ್ಸ ಐತಿ. ಗಂಟ ಹಾಕಿ ಕೊಡ್ತಾರಲ್ಲ?"

"ಇಲ್ಲ. ಚೀಟಿ ಅಂಟಿಸಿ ಕೊಡ್ತಾರ. ಅದರ ಮ್ಯಾಲ ಬರದಿರತೈತಿ."

"ಚೀಟಿ ಮುಟ್ಟಿದ್ರ ತಿಳೀತೈತೇನ್ರಿ?"

ಯಾಕೂಬಸಾಬರ ಕೈ ಚೀಲದೊಳಗಿನ ನೂಲಿನ ಉಂಡೆಗೆ ಹೋಯಿತು. ರೇಣವ್ವ ಇನ್ನೊಮ್ಮೆ ಗಂಟು ಸವರಿದಳು. ಆಮೇಲೆ, "ನೀವು ಭಾಳ ದಣದೀರಿ. ಮುಚ್ಚರಿ," ಎಂದು ಪೊಟ್ಟಣ ಸೆರಗಿಗೆ ಕಟ್ಟಿಕೊಂಡು, ಚೌಕಟ್ಟು ಹಿಡಿದು, ಸಂತೆಯ ಜನರಲ್ಲಿ ಸೇರಿಹೋದಳು.

ಮೇಜಿನ ಮೇಲೆ ಕೀಲಿ ಹಾಗೇ ಇತ್ತು. ಅಮಾತೆಪ್ಪ ಅದನ್ನು ನೋಡುತ್ತಿರಲಿಲ್ಲ. ಅಂಗಡಿ ನಾಲ್ಕಾದದ್ದರಿಂದಲೇ ತಾನೇ ಆ ತಪ್ಪಾಗಿದ್ದು ಎಂದು ಯಾಕೂಬಸಾಬರಿಗೆ ಅನ್ನಿಸಿತು. ಒಂದೇ ಇದ್ದರೆ ಯಾರ ದಾರವನ್ನು ಯಾರ ದಾರಕ್ಕೆ ಹೊಂದಿಸಬೇಕು? ರೇಣವ್ವನಿಗೆ ಬೇಡವಾದ ಬಣ್ಣ ಅಮಾತೆಪ್ಪನಿಗೆ ಗೊತ್ತಿದ್ದರೆ ಸಾಕಿತ್ತು. ಇಷ್ಟು ವರ್ಷ ಬಸ್ಸಿನಲ್ಲಿ ಕಾಯ್ದುಕೊಂಡು ತಿರುಗಿದ್ದು ಅಂಗಡಿಗಳನ್ನಲ್ಲ, ಅವುಗಳ ನಡುವಿನ ದಾರಿಯನ್ನು.

ಕೀಲಿಯನ್ನು ಅಮಾತೆಪ್ಪನ ಕಡೆಗೆ ಸರಿಸಿದರು. ಮೊಬೈಲು ತೆಗೆದು ನವೀದನಿಗೆ ಹಚ್ಚಿದರು.

"ಮೂರು ಕೊಟ್ಟಬಿಡು. ಕೆರೂರಿಂದು ಇರ್ಲಿ."

"ಅಬ್ಬಾ, ಮತ್ತ ದಿನಾ ಬಸ್ಸ ಹತ್ತತೀರೇನು?"

"ಹತ್ತತೇನಿ. ನಡುವ ಎಲ್ಲೂ ಇಳಿಯೂದಿಲ್ಲ, ಅಷ್ಟ."

ಅಮಾತೆಪ್ಪ ಕೀಲಿಯನ್ನು ಮತ್ತೆ ಮೊಳೆಗೆ ಹಾಕಿದ. "ಹಂಗಾದ್ರ ಆ ನೂಲಿನ ಉಂಡಿ ಇಲ್ಲೇ ಇಟ್ಟ ಹೋಗ್ರಿ. ಹೊತ್ತಕೊಂಡ ತಿರಗೂದ್ಯಾಕ?" ಎಂದ. ಯಾಕೂಬಸಾಬರು ಚೀಲದಿಂದ ಉಂಡೆ ತೆಗೆದಿಟ್ಟರು.

ಸಂಜೆಯ ಬಸ್ಸಿನಲ್ಲಿ ಬಾಗಿಲ ಬಳಿಯ ಸೀಟು ಸಿಗಲಿಲ್ಲ. ಕಿಟಕಿಗೆ ತಲೆಯಾನಿಸಿ ನಿದ್ದೆಹೋದರು. ಹುನಗುಂದ ಬಂದಾಗ ಪರಿಚಯದ ಕಂಡಕ್ಟರು ಭುಜ ಮುಟ್ಟಿ ಎಬ್ಬಿಸಿದ.

"ಸಾಬ್ರ, ಹುನಗುಂದ. ಮುಂಜಾನಿ ಇಳೀಲೇ ಇಲ್ಲ, ಈಗರ ಅಂಗಡಿಗೆ ಹೋಗಂಗಿಲ್ಲೇನು?"

ಯಾಕೂಬಸಾಬರು ಎದ್ದು ನಿಲ್ಲಲು ಹೋಗಿ, ಮತ್ತೆ ಕೂತರು.

"ಇಲ್ಲಪಾ, ಮುಂದ ಹೋಗ್ತೇನಿ," ಎಂದರು.