ಎಕ್ಸ್ ಬೋಗಿ
ಚನ್ನಪಟ್ಟಣದ ಹೆದ್ದಾರಿ ಬದಿಯಲ್ಲಿ ಗೊಂಬೆ ಅಂಗಡಿ ಇಟ್ಟಿರುವ ರೇವಣಸಿದ್ದಯ್ಯನವರು ಮಕ್ಕಳ ಹೆಸರಿನ ಮರದ ರೈಲು ಮಾರುತ್ತಾರೆ. ಬೋಗಿಗೊಂದು ಇಂಗ್ಲಿಷ್ ಅಕ್ಷರ. ಎ, ಎನ್ ಬೋಗಿಗಳು ತಂದ ದಿನವೇ ಖಾಲಿ. ಎಕ್ಸ್ ಇರುವ ಹೆಸರನ್ನು ಈಗಿನ ಮಕ್ಕಳಿಗೆ ಇಡುವವರು ಎಷ್ಟು ಜನ? ಉಳಿದ ಎಕ್ಸ್‌ಗಳನ್ನು ಸಾಗಹಾಕಲೆಂದೇ ಅವರು ಡಿಕ್ಷನರಿ ಕೊಂಡು, ಎಕ್ಸ್ ಇರುವ ಪುಟ್ಟ ಪದಗಳನ್ನೆಲ್ಲ ಉರು ಹೊಡೆದಿದ್ದಾರೆ. "ಫಾಕ್ಸ್ ಅಂದ್ರೆ ನರಿ, ವ್ಯಾಕ್ಸ್ ಅಂದ್ರೆ ಮೇಣ, ಆಕ್ಸ್ ಅಂದ್ರೆ ಎತ್ತು. ಎತ್ತಿಗೆ ಓ, ಎಕ್ಸ್ ಎರಡೇ ಬೋಗಿ ಕಣವ್ವ, ತಕಂಡೋಗು," ಎನ್ನುತ್ತಾರೆ ಕಾರಿನಿಂದ ಇಳಿದವರಿಗೆಲ್ಲ. ಟಾಯ್ಲೆಟ್ ಎಲ್ಲಿ ಎಂದು ಕೇಳಿದವರಿಗೂ ಮೊದಲು ಮೂರು ಪದ, ಆಮೇಲೆ ದಾರಿ. "ಮೇಷ್ಟ್ರು ಶುರು ಹಚ್ಕಂಡ್ರು," ಎಂದು ಹೆಂಡತಿ ಮೀನಾಕ್ಷಮ್ಮ ಒಳಗಿಂದಲೇ ಆಡಿಕೊಳ್ಳುತ್ತಾರೆ. ಹೊಲಕ್ಕೆ ಟ್ರ್ಯಾಕ್ಟರ್ ಬಂದು, ಮನೆಯ ಜೋಡೆತ್ತು ಮಾರಿ ಆರು ವರ್ಷವಾಯಿತು. ಸಂಕ್ರಾಂತಿಯ ಸಂಜೆ ಊರಿನವರು ದನಗಳನ್ನು ಕಿಚ್ಚು ಹಾಯಿಸುವ ಹೊತ್ತಿಗೆ ಇವರಿಬ್ಬರೂ ಅಂಗಡಿಯ ಮುಂದೆ ಒಂದು ಹಿಡಿ ಹುಲ್ಲಿಗೆ ಬೆಂಕಿ ಹಚ್ಚುತ್ತಾರೆ. ರೇವಣಸಿದ್ದಯ್ಯನವರು ಓ, ಎಕ್ಸ್ ಬೋಗಿಗಳಿಗೆ ಅರಿಶಿನ ಬಳಿದು, ದಾರ ಕಟ್ಟಿ, ಉರಿ ದಾಟಿಸುತ್ತಾರೆ. ಅವತ್ತು ಮೀನಾಕ್ಷಮ್ಮ ಆಡಿಕೊಳ್ಳುವುದಿಲ್ಲ. "ಒಸಿ ನಿಧಾನ ಎಳೀರಿ, ಬೆದರ್ಬುಟ್ಟಾವು," ಎನ್ನುತ್ತಾರೆ.