ಅನುರಾಧಾ ತಿರುಗಿಸಿದ ತಲೆ

ಅನುರಾಧಾ ಇಳಕಲ್ಲಿನ ನೇಕಾರರ ಮಗಳು. ಅಪ್ಪನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಲೇ ಓದಿ, ಹನ್ನೊಂದು ವರ್ಷದಿಂದ ಬಾಗಲಕೋಟೆಯ ವಿದ್ಯಾಗಿರಿಯ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಟೆಕ್ನಿಷಿಯನ್ ಆಗಿದ್ದಾಳೆ. ಮಾತು ಕಡಿಮೆ, ಕೈ ಚುರುಕು. ನಾನೋ ನಿವೃತ್ತ ಮಾಸ್ತರ. ಬಾಯಿ ಮೊದಲು, ಬುದ್ಧಿ ಆಮೇಲೆ.

ನನ್ನ ಅಣ್ಣ ಮಲಕಪ್ಪನ ಮೆದುಳಿನಲ್ಲಿ ಹೋದ ವರ್ಷ ಸಣ್ಣ ಗಡ್ಡೆ ಕಂಡಿತ್ತು. ಬೆಳೆದರೆ ಹುಬ್ಬಳ್ಳಿಯಲ್ಲಿ ಆಪರೇಷನ್, ಇಲ್ಲದಿದ್ದರೆ ಸುಮ್ಮನಿರಬಹುದು ಎಂದಿದ್ದರು ಡಾಕ್ಟರು. ನಿನ್ನೆ ಅವಳ ಸೆಂಟರಿನಲ್ಲೇ ತೆಗೆದ ಸ್ಕ್ಯಾನನ್ನು ಇಂದು ನೋಡಿದರೆ ಅದು ದೊಡ್ಡದಾಗಿಯೇ ಕಂಡಿತು. ಅಣ್ಣ ಗೋಡೆ ನೋಡುತ್ತ ಕುಳಿತ.

ರಜೆ ಮುಗಿಸಿ ಇಂದೇ ಕೆಲಸಕ್ಕೆ ಬಂದಿದ್ದ ಅನುರಾಧಾ ಕಂಪ್ಯೂಟರಿನಲ್ಲಿ ಅಣ್ಣನ ತಲೆಯನ್ನು ಗರಗರ ತಿರುಗಿಸತೊಡಗಿದಳು. ನನ್ನ ಪಿತ್ತ ನೆತ್ತಿಗೇರಿತು. ಇದ್ದ ಚಿತ್ರವನ್ನೂ ಕೆಡಿಸುತ್ತೀಯಾ ಎಂದು ಗದರಿದೆ. ಮೂಲ ಚಿತ್ರಕ್ಕೆ ಏನೂ ಆಗುವುದಿಲ್ಲ, ತಿರುಗುತ್ತಿರುವುದು ಕಂಪ್ಯೂಟರಿನ ಮೆಮರಿಯಲ್ಲಿರುವ ನಕಲು ಎಂದಳು, ನನ್ನತ್ತ ನೋಡದೆಯೇ. ಆಮೇಲೆ ಅಣ್ಣನನ್ನು ಕೇಳಿದಳು.

"ಕಾಕಾ, ಮಗ್ಗದಾಗ ಕುಂತಾಗ ಕುತ್ತಿಗಿ ಎಡಕ್ಕ ವಾಲತೈತೇನ್ರಿ? ನಮ್ಮಪ್ಪಂದೂ ಹಂಗ ಐತ್ರಿ."

ಖರೆ. ಅಣ್ಣ ನಲವತ್ತು ವರ್ಷ ಸೀರೆಯ ಎಡ ಅಂಚಿನ ಮೇಲೆ ಕಣ್ಣಿಟ್ಟು ನೇಯ್ದವನು. ಮಲಗಿದರೂ ಅವನ ತಲೆ ಹಾಗೇ. ಹೋದ ವರ್ಷ ಸ್ಕ್ಯಾನ್ ಮಾಡುವಾಗ ದಿಂಬು ಕೊಟ್ಟು ನೆಟ್ಟಗೆ ಮಲಗಿಸಿದವಳು ಅನುರಾಧಾಳೇ. ನಿನ್ನೆ ಬೇರೆಯವರು ಅವನು ಮಲಗಿದಂತೆಯೇ ತೆಗೆದಿದ್ದರು. ಸ್ಕ್ಯಾನ್ ತಲೆಯನ್ನು ಹೋಳು ಹೋಳಾಗಿ ತೋರಿಸುತ್ತದೆ; ಓರೆಯಾಗಿ ಕೊಯ್ದರೆ ಸೌತೆಕಾಯಿ ಹೋಳೂ ಉದ್ದವೇ ಕಾಣುತ್ತದಲ್ಲ!

ಅವಳು ನಿನ್ನೆಯ ಚಿತ್ರದ ನಕಲನ್ನು ಹೋದ ವರ್ಷ ತಲೆ ಇದ್ದ ಕೋನಕ್ಕೇ ತಂದಳು. ಅಷ್ಟೇ ದಪ್ಪದ ಪದರಗಳಾಗಿ ಅದನ್ನು ಹೊಸದಾಗಿ ಲೆಕ್ಕ ಹಾಕಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ಡಾಕ್ಟರನ್ನು ಕರೆದಳು. ಅವರು ಒಂದೊಂದೇ ಪದರ ಸರಿಸಿ ಅಳೆದರು, ಮತ್ತೊಮ್ಮೆ ಅಳೆದರು. ಗಡ್ಡೆ ಬೆಳೆದಿಲ್ಲ, ಆಪರೇಷನ್ ಬೇಡ, ಮುಂದಿನ ವರ್ಷ ಬನ್ನಿ ಎಂದರು.

ಹೋದ ಜೀವ ಬಂದಂತಾಯಿತು. ಹುಡುಗರ ಮುಂದೆ ಎಂದೂ ಸೋಲದ ನಾನು ಅವಳಿಗೆ ಕೈ ಮುಗಿದು, "ತಪ್ಪಾತವ್ವಾ" ಎಂದೆ. ಇರಲಿ ಬಿಡ್ರಿ ಎಂದು ಅವಳು ಮುಂದಿನ ರೋಗಿಯ ಹೆಸರು ಕರೆದಳು.

ಹುಬ್ಬಳ್ಳಿಗೆ ಹೋಗುವುದೇ ಸೈ ಎಂದುಕೊಂಡು ಅತ್ತಿಗೆ ಶಾರವ್ವ ಊರಲ್ಲಿ ಬಟ್ಟೆ ತುಂಬಿಟ್ಟುಕೊಂಡು ಕುಳಿತಿದ್ದಳು. ಅವಳಿಗೆ ಫೋನ್ ಹಚ್ಚಿದೆ. ಅಣ್ಣ ಫೋನು ಕಸಿದುಕೊಂಡ.

"ಏ ಶಾರವ್ವಾ, ಅರಿವಿ ಚೀಲ ಬಿಚ್ಚು. ನಾ ಮನಿಗೇ ಬರ್ತೇನಿ."

ಆ ಕಡೆ ಅತ್ತಿಗೆ ಅತ್ತದ್ದು ನನಗೂ ಕೇಳಿಸಿತು.